ಮೊದಲು ತೂಕದ ಲೆಕ್ಕ, ಆಮೇಲೆ ವಿಂಚ್

ಪ್ರಶ್ನೆ: ಶ್ರೀನಿವಾಸಪುರ ತಾಲ್ಲೂಕಿನಲ್ಲಿ ನಮ್ಮದು ಮಾವಿನ ತೋಟ. 2016ರ ಮಹೀಂದ್ರ ಥಾರ್ ಸಿಆರ್‌ಡಿಇ ಜೀಪು ಇಟ್ಟುಕೊಂಡಿದ್ದೇನೆ. ತೋಟದ ದಾರಿ ಕೆರೆ ಅಂಗಳದ ಅಂಚಿನಲ್ಲೇ ಹೋಗುತ್ತದೆ. ಮೊದಲೆಲ್ಲ ಅದು ಒಣ ನೆಲ. ಈಗ ಕೆರೆಯಲ್ಲಿ ನೀರು ನಿಲ್ಲುವುದರಿಂದ ಗಾಡಿ ಹೂತುಕೊಳ್ಳುತ್ತಿದೆ, ಪ್ರತಿ ಸಲ ಟ್ರ್ಯಾಕ್ಟರ್ ಕರೆಸಬೇಕು. 12,000 ಪೌಂಡ್ ವಿಂಚ್ (ರೋಪ್ ಸುತ್ತಿಕೊಂಡು ಗಾಡಿ ಎಳೆಯುವ ಯಂತ್ರ), ಅದಕ್ಕೊಂದು ಸ್ಟೀಲ್ ಬಂಪರ್, ಜೊತೆಗೆ ಗಾಡಿ ಎತ್ತರಿಸಲು ನಾಲ್ಕು ಇಂಚು ಲಿಫ್ಟ್ ಮಾಡಿಸೋಣ ಅಂತಿದ್ದೇನೆ. ಮುಂದೆ ಸ್ಪ್ರಿಂಗ್ ಕೆಲಸ ಮಾಡುವ ಟಾರ್ಷನ್ ಬಾರ್ ಬಿಗಿ ಮಾಡಿ, ಹಿಂದಿನ ಸ್ಪ್ರಿಂಗಿಗೆ ಒಂದು ಲೀಫ್ (ಪಟ್ಟಿ) ಜಾಸ್ತಿ ಹಾಕಿದರೆ ಸಾಕು ಅನ್ನುತ್ತಾರೆ ಗ್ಯಾರೇಜಿನವರು. ಇದು ಸರೀನಾ? ಆರ್‌ಟಿಒ ಕಡೆಯಿಂದ ತೊಂದರೆ ಇದೆಯಾ? ವಿಂಚ್ ಇದ್ದರೆ ಕೊಳವೆಬಾವಿಯ ಮೋಟಾರ್ ಎತ್ತುವುದಕ್ಕೂ ಆಗುತ್ತಲ್ವಾ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ವಿಂಚ್ ಬೇಕು, ಆದರೆ 12,000 ಪೌಂಡಿನದು ಬೇಡ. ನಾಲ್ಕು ಇಂಚು ಲಿಫ್ಟ್ ಬೇಡ. ಎತ್ತರಕ್ಕೋಸ್ಕರ ಟಾರ್ಷನ್ ಬಾರ್ ಬಿಗಿ ಮಾಡಿಸುವುದಂತೂ ಬೇಡವೇ ಬೇಡ. ಮೋಟಾರ್ ಎತ್ತುವ ವಿಷಯಕ್ಕೆ ಕೊನೆಗೆ ಬರುತ್ತೇನೆ.

ಮೊದಲು ನಿಮ್ಮ ಗಾಡಿ ಎಲ್ಲಿ, ಯಾಕೆ ಹೂತುಕೊಳ್ಳುತ್ತಿದೆ ನೋಡೋಣ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನಲ್ಲಿ ಸಂಸ್ಕರಿಸಿದ ಕೊಳಚೆ ನೀರು, ಲಕ್ಷ್ಮೀಸಾಗರ ಕೆರೆಗೆ ಬಂದ ಮೇಲೆ ಕೋಲಾರ ಜಿಲ್ಲೆಯ ಎಷ್ಟೋ ಕೆರೆಗಳ ಸ್ವಭಾವವೇ ಬದಲಾಗಿದೆ. ವರ್ಷಗಟ್ಟಲೆ ಒಣಗಿ, ಜನ ಗಾಡಿ ಓಡಿಸಿ ದಾರಿ ಮಾಡಿಕೊಂಡಿದ್ದ ಅಂಗಳಗಳಲ್ಲಿ ಈಗ ತೇವ ಆರುವುದೇ ಇಲ್ಲ. ಮೇಲೆ ಒಣಗಿ ಬಿರುಕು ಬಿಟ್ಟ ಪದರ ಕಾಣುತ್ತದೆ, ನಡೆದರೆ ಗಟ್ಟಿಯಾಗೇ ಇರುತ್ತದೆ. ಅದರ ಕೆಳಗೆ ಒಂದು ಗೇಣು ಕರೀ ಗೋಡು. ಎರಡು ಟನ್ ಗಾಡಿ ಹೋದ ಕೂಡಲೇ ಆ ಪದರ ಒಡೆಯುತ್ತದೆ, ಚಕ್ರ ಇಳಿಯುತ್ತದೆ, ಹಿಂದಿನ ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರ್ ಗುಂಡು) ಗೋಡಿನ ಮೇಲೆ ಕೂತುಬಿಡುತ್ತದೆ. ಆಮೇಲೆ ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ಗುಂಡಿ ತೋಡುತ್ತದೆ ಅಷ್ಟೇ.

ನಾಲ್ಕು ಇಂಚು ಲಿಫ್ಟ್ ಇಲ್ಲಿ ಏನು ಮಾಡುತ್ತದೆ? ಹೆಚ್ಚುಕಡಿಮೆ ಏನೂ ಇಲ್ಲ. ನಿಮ್ಮ ಥಾರಿನ ಹಿಂದಿನ ಆಕ್ಸಲ್ ಒಂದೇ ಗಟ್ಟಿ ತುಂಡು. ಅದರ ನಡುವೆ ಜೋತುಬಿದ್ದಿರುವ ಡಿಫರೆನ್ಷಿಯಲ್ ನೆಲದಿಂದ ಎಷ್ಟು ಎತ್ತರ ಇರಬೇಕು ಅನ್ನುವುದನ್ನು ಟೈರ್ ತೀರ್ಮಾನಿಸುತ್ತದೆ, ಸ್ಪ್ರಿಂಗ್ ಅಲ್ಲ. ಸ್ಪ್ರಿಂಗ್ ಎತ್ತರಿಸಿದರೆ ಬಾಡಿ, ಚಾಸಿ ಮೇಲೆ ಹೋಗುತ್ತವೆ, ಆಕ್ಸಲ್ ಇದ್ದಲ್ಲೇ ಇರುತ್ತದೆ. ಅಂದರೆ ಕೆಸರಿಗೆ ತಗಲುವ ಭಾಗಕ್ಕೆ ಲಿಫ್ಟಿನಿಂದ ಒಂದು ಮಿಲಿಮೀಟರ್ ಕೂಡ ಲಾಭ ಇಲ್ಲ. ಬಂಡೆ ಹತ್ತುವವರಿಗೆ ಲಿಫ್ಟ್ ಕೆಲಸಕ್ಕೆ ಬರುತ್ತದೆ, ಮುಂದಿನ ಹಿಂದಿನ ಕೋನ ಸಿಗುತ್ತದೆ. ನಿಮ್ಮ ಕಷ್ಟ ಬಂಡೆಯದಲ್ಲ.

ನಿಮಗೆ ಮೊದಲು ಬೇಕಾದ್ದು ಒಳ್ಳೆ ಮಡ್ ಟೈರ್, ಒಂದು ಗಾಳಿ ಅಳೆಯುವ ಗೇಜ್, ಬ್ಯಾಟರಿಯಿಂದ ಓಡುವ ಸಣ್ಣ ಕಂಪ್ರೆಸರ್, ಒಂದು ಸಲಿಕೆ. ಕೆರೆ ಅಂಚಿಗೆ ಇಳಿಯುವ ಮುಂಚೆ ನಾಲ್ಕೂ ಚಕ್ರದ ಗಾಳಿಯನ್ನು 18 ಪಿಎಸ್‌ಐಗೆ ಇಳಿಸಿ. ಟೈರ್ ನೆಲಕ್ಕೆ ಉದ್ದವಾಗಿ ಒರಗುತ್ತದೆ, ತೂಕ ಹರಡುತ್ತದೆ, ಆ ಮೇಲಿನ ಪದರ ಒಡೆಯುವುದು ಕಡಿಮೆಯಾಗುತ್ತದೆ. ತೋಟ ಮುಟ್ಟಿದ ಮೇಲೆ ಕಂಪ್ರೆಸರ್ ಹಾಕಿ ಮತ್ತೆ ತುಂಬಿಸಿಕೊಳ್ಳಿ. ಕಡಿಮೆ ಗಾಳಿಯಲ್ಲಿ ಟಾರ್ ರಸ್ತೆಗೆ ಹತ್ತಬೇಡಿ, ವೇಗದಲ್ಲಿ ತಿರುಗಿಸಬೇಡಿ, ಟೈರ್ ರಿಮ್ಮಿನಿಂದ ಕಳಚಿಕೊಳ್ಳುತ್ತದೆ. ಜೊಂಡು ಬೆಳೆದಿರುವ ಜಾಗ ಎಷ್ಟೇ ಒಣಗಿದಂತೆ ಕಂಡರೂ ಅಲ್ಲಿಗೆ ಹೋಗಬೇಡಿ, ಬೇರಿನ ಕೆಳಗೆ ನೀರಿರುತ್ತದೆ. ಇಷ್ಟರಲ್ಲೇ ನಿಮ್ಮ ಅರ್ಧಕ್ಕಿಂತ ಜಾಸ್ತಿ ತಾಪತ್ರಯ ಮುಗಿಯಬಹುದು.

ಆದರೂ ಒಬ್ಬರೇ ಓಡಾಡುವ ತೋಟದ ದಾರಿ. ಸಂಜೆ ಏಳಕ್ಕೆ ಸಿಕ್ಕಿಹಾಕಿಕೊಂಡರೆ ಟ್ರ್ಯಾಕ್ಟರ್ ಯಾವಾಗ ಬರುತ್ತದೋ. ಬಂದರೂ ಪಂಪ್‌ಸೆಟ್ಟಿನ ಹಳೇ ನೈಲಾನ್ ಹಗ್ಗ ಬಂಪರಿಗೆ ಕಟ್ಟಿ ಜಗ್ಗುತ್ತಾರೆ. ಆ ಹಗ್ಗ ತುಂಡಾದರೆ, ಇಲ್ಲಾ ಕಟ್ಟಿದ ಕೊಂಡಿ ಕಿತ್ತು ಬಂದರೆ, ಅದು ಹಾರುವ ವೇಗಕ್ಕೆ ಮನುಷ್ಯ ಉಳಿಯುವುದಿಲ್ಲ. ಅದಕ್ಕೇ ವಿಂಚ್ ಬೇಕು ಅಂತ ನಾನೂ ಹೇಳುತ್ತಿರುವುದು.

ಎಷ್ಟು ದೊಡ್ಡದು? ಗಾಡಿ, ಒಳಗಿನ ಜನ, ಸಾಮಾನು ಎಲ್ಲ ಸೇರಿದ ತೂಕದ ಒಂದೂವರೆ ಪಟ್ಟು ಎಳೆಯುವ ಶಕ್ತಿ ಇರಬೇಕು ಅನ್ನುವುದು ಎಲ್ಲರೂ ಒಪ್ಪಿದ ಲೆಕ್ಕ. ನಿಮ್ಮದು ಎಲ್ಲ ಸೇರಿ 2,200 ಕೆ.ಜಿ. ಅಂತ ಇಟ್ಟುಕೊಳ್ಳಿ. ಒಂದೂವರೆ ಪಟ್ಟು ಅಂದರೆ 3,300 ಕೆ.ಜಿ. 9,500 ಪೌಂಡ್ ವಿಂಚ್ ಅಂದರೆ ಸುಮಾರು 4,300 ಕೆ.ಜಿ. ಸಾಕಾಗಿ ಮಿಗುತ್ತದೆ.

ಆದರೆ ಪೆಟ್ಟಿಗೆ ಮೇಲೆ ಬರೆದಿರುವ ಆ ಅಂಕಿ ರೋಪ್ ಸುತ್ತುವ ಡ್ರಮ್ಮಿನ ಮೇಲೆ ತೀರಾ ಕೆಳಗಿನ ಒಂದೇ ಪದರ ಉಳಿದಿದ್ದಾಗ ಸಿಗುವ ಶಕ್ತಿ. ಪದರದ ಮೇಲೆ ಪದರ ಸುತ್ತಿಕೊಂಡಂತೆ ಡ್ರಮ್ ದಪ್ಪಗಾಗುತ್ತದೆ, ಎಳೆತ ಇಳಿಯುತ್ತದೆ. ನಾಲ್ಕನೇ ಪದರದಲ್ಲಿ ಮೂರರಲ್ಲಿ ಎರಡು ಪಾಲು ಮಾತ್ರ ಉಳಿಯುತ್ತದೆ, ಅಂದರೆ ನಿಮ್ಮ 4,300 ಕೆ.ಜಿ. ಅನ್ನುವುದು 2,800ರ ಆಸುಪಾಸಿಗೆ ಬರುತ್ತದೆ. ಹತ್ತಿರದ ಮರಕ್ಕೆ ಕಟ್ಟಿ ಸ್ವಲ್ಪವೇ ರೋಪ್ ಬಿಚ್ಚಿದಾಗ ವಿಂಚ್ ಸೋತಂತೆ ಕಾಣುವುದು ಇದಕ್ಕೇ.

ಕೆಸರು ಎಷ್ಟು ಹಿಡಿಯುತ್ತದೆ ಅನ್ನುವುದಕ್ಕೂ ಒಂದು ಅಂದಾಜು ಇದೆ. ಚಕ್ರದ ನಡುಭಾಗ ಮುಟ್ಟುವಷ್ಟು ಕೆಸರಾದರೆ ಗಾಡಿಯ ತೂಕದಷ್ಟೇ ಎಳೆತ ಬೇಕು. ಅದನ್ನು ದಾಟಿ ಮಡ್‌ಗಾರ್ಡ್ ಕಡೆಗೆ ಹೋದರೆ ಎರಡು ಪಟ್ಟು, ಅಂದರೆ ನಿಮಗೆ 4,400 ಕೆ.ಜಿ. ಈಗ 12,000 ಪೌಂಡಿನದನ್ನೇ ಹಾಕಿಸಿದ್ದೀರಿ ಅಂದುಕೊಳ್ಳಿ. ನಾಲ್ಕನೇ ಪದರದಲ್ಲಿ ಅದು ಕೊಡುವುದು 3,500ರ ಸುಮಾರು. ಅದೂ ಸಾಲದು. ಅದೇ 9,500ರದಕ್ಕೆ ಒಂದು ರಾಟೆ, ಅಂದರೆ ಸ್ನ್ಯಾಚ್ ಬ್ಲಾಕ್, ಸೇರಿಸಿ ನೋಡಿ. ರೋಪನ್ನು ಮರಕ್ಕೆ ಕಟ್ಟಿದ ರಾಟೆಯ ಮೂಲಕ ತಂದು ವಾಪಸ್ ನಿಮ್ಮ ಗಾಡಿಯ ಚಾಸಿಗೇ ಹಾಕುತ್ತೀರಿ. ಎಳೆತ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ರೋಪ್ ಜಾಸ್ತಿ ಬಿಚ್ಚಿರುವುದರಿಂದ ಕೆಳಗಿನ ಪದರದ ಶಕ್ತಿಯೂ ಸಿಗುತ್ತದೆ. ವಿಂಚಿನ ಮೋಟಾರಿನ ಮೇಲಿನ ಹೊರೆ ಅರ್ಧಕ್ಕಿಳಿಯುತ್ತದೆ. ನಿಧಾನ ಆಗುತ್ತದೆ ನಿಜ, ಆದರೆ ಕೆಸರಿನಲ್ಲಿ ನಿಧಾನವೇ ಕ್ಷೇಮ. ದೊಡ್ಡ ವಿಂಚಿಗೆ ಸುರಿಯುವ ಹೆಚ್ಚಿನ ದುಡ್ಡಿನಲ್ಲಿ ಒಳ್ಳೆ ರಾಟೆ, ಮರಕ್ಕೆ ಸುತ್ತುವ ಅಗಲವಾದ ಪಟ್ಟಿ, 4.75 ಟನ್ ಅಂತ ಅಚ್ಚು ಹಾಕಿರುವ ಎರಡು ಶ್ಯಾಕಲ್ (ಪಿನ್ ಹಾಕುವ ಕಬ್ಬಿಣದ ಕೊಂಡಿ), ಕೈಗವಸು ಎಲ್ಲ ಬರುತ್ತವೆ.

ಇನ್ನು ಎಲ್ಲಿ ಕೂರಿಸುವುದು? ಇಲ್ಲೇ ಸಸ್ಪೆನ್ಷನ್ ಮಾತೂ ತೀರ್ಮಾನವಾಗುವುದು.

ಸ್ಟೀಲ್ ಬಂಪರ್ 40 ಕೆ.ಜಿ., ವಿಂಚ್ 40 ಕೆ.ಜಿ. ಅಂತ ಹಿಡಿದರೆ ಒಟ್ಟು 80. ಮೂಲ ಬಂಪರ್ ತೆಗೆಯುವುದರಿಂದ ಸ್ವಲ್ಪ ಕಳೆಯಬಹುದು, ಅದನ್ನು ಬಿಡಿ. ಈ 80 ಕೆ.ಜಿ. ಕೂರುವುದು ಮುಂದಿನ ಆಕ್ಸಲ್ ಮೇಲಲ್ಲ, ಅದಕ್ಕಿಂತ ಸುಮಾರು 60 ಸೆಂ.ಮೀ. ಮುಂದೆ. ನಿಮ್ಮ ಗಾಡಿಯ ವೀಲ್‌ಬೇಸ್ (ಎರಡು ಆಕ್ಸಲ್‌ಗಳ ನಡುವಿನ ದೂರ) 243 ಸೆಂ.ಮೀ. ಹೊರಗೆ ನೇತಾಡುವ ತೂಕ ಸನ್ನೆಕೋಲಿನ ಹಾಗೆ ಹಿಂಭಾಗವನ್ನು ಎತ್ತುತ್ತದೆ. 80ನ್ನು 303ರಿಂದ (243 ಮತ್ತು 60 ಸೇರಿ) ಗುಣಿಸಿ 243ರಿಂದ ಭಾಗಿಸಿ. ಹತ್ತಿರ ಹತ್ತಿರ 100 ಬರುತ್ತದೆ. ಮುಂದಿನ ಆಕ್ಸಲ್‌ಗೆ 100 ಕೆ.ಜಿ. ಏರಿತು, ಹಿಂದಿನದಕ್ಕೆ 20 ಕೆ.ಜಿ. ಇಳಿಯಿತು. ಹಿಂದೆ ಒಂದು ಲೀಫ್ ಜಾಸ್ತಿ ಹಾಕಿ ಅನ್ನುವ ಸಲಹೆ ಎಷ್ಟು ತಲೆಕೆಳಗು ನೋಡಿ! ಹಗುರಾದ ಕಡೆಗೆ ಗಟ್ಟಿ ಸ್ಪ್ರಿಂಗ್. ಖಾಲಿ ಗಾಡಿಯಲ್ಲಿ ಹಿಂಭಾಗ ಕುಪ್ಪಳಿಸುತ್ತದೆ, ಹಳ್ಳದಿಣ್ಣೆಯಲ್ಲಿ ಚಕ್ರ ನೆಲ ಬಿಡುತ್ತದೆ, ಹಿಡಿತ ಹೋಗುತ್ತದೆ.

ಮುಂದಿನದು ಇದಕ್ಕಿಂತ ಕೆಟ್ಟದ್ದು. ಸಿಆರ್‌ಡಿಇ ಥಾರಿನಲ್ಲಿ ಮುಂದೆ ಸುರುಳಿ ಸ್ಪ್ರಿಂಗ್ ಇಲ್ಲ, ಉದ್ದದ ಕಬ್ಬಿಣದ ಸರಳು ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುತ್ತದೆ. ಅದೇ ಟಾರ್ಷನ್ ಬಾರ್. ಅದರ ಹಿಂತುದಿಯ ಬೋಲ್ಟ್ ಬಿಗಿ ಮಾಡಿದರೆ ಗಾಡಿಯ ಮೂತಿ ಮೇಲೇಳುತ್ತದೆ. ಒಂದು ಸ್ಪ್ಯಾನರ್, ಅರ್ಧ ಗಂಟೆ ಕೆಲಸ. ಅದಕ್ಕೇ ಎಲ್ಲರಿಗೂ ಅದು ಇಷ್ಟ. ಆದರೆ ಸರಳು ಅದೇ, ಅದರ ಗಟ್ಟಿತನವೂ ಅದೇ. ಬೋಲ್ಟ್ ಬಿಗಿ ಮಾಡಿದ್ದರಿಂದ 100 ಕೆ.ಜಿ. ಹೊರುವ ತಾಕತ್ತೇನೂ ಹೊಸದಾಗಿ ಬರುವುದಿಲ್ಲ. ನಡೆಯುವುದು ಇಷ್ಟೇ: ಚಕ್ರ ಮೊದಲು ಎಷ್ಟು ಮೇಲೆ ಹೋಗುತ್ತಿತ್ತು, ಎಷ್ಟು ಕೆಳಗೆ ಇಳಿಯುತ್ತಿತ್ತು, ಆ ಪಾಲು ಬದಲಾಗುತ್ತದೆ. ಮೇಲಕ್ಕೆ ಸಿಕ್ಕಿದ್ದನ್ನು ಕೆಳಗಿನಿಂದ ಕಿತ್ತುಕೊಂಡಿರುತ್ತೀರಿ.

ಇದನ್ನು ನೀವೇ ಅಳೆದು ನೋಡಬಹುದು. ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ. ಮುಂಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ಬರೆದುಕೊಳ್ಳಿ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಚಾಸಿಗೆ ಜಾಕ್ ಹಾಕಿ, ಕೆಳಗೆ ಸ್ಟ್ಯಾಂಡ್ ಇಟ್ಟು, ಆ ಚಕ್ರ ಗಾಳಿಯಲ್ಲಿ ನೇತಾಡುವಷ್ಟು ಎತ್ತಿ ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸ ಎಷ್ಟೋ ಅಷ್ಟು ನಿಮ್ಮ ಚಕ್ರ ಗುಂಡಿಯೊಳಕ್ಕೆ ಇಳಿಯಬಲ್ಲದು. ಟಾರ್ಷನ್ ಬಾರ್ ಚೆನ್ನಾಗಿ ಬಿಗಿ ಮಾಡಿದ ಯಾವುದಾದರೂ ಸ್ನೇಹಿತರ ಗಾಡಿ ಇದ್ದರೆ ಅದನ್ನೂ ಹೀಗೇ ಅಳೆಯಿರಿ. ಚಕ್ರ ಕೆಳಗೆ ಇಳಿಯುವುದೇ ಇಲ್ಲ ಅನ್ನುವಷ್ಟು ಕಮ್ಮಿ ಉಳಿದಿರುತ್ತದೆ. ಅಂಥ ಗಾಡಿ ಹಂಪ್ ದಾಟುವಾಗಲೆಲ್ಲ ಮುಂದೆ ಟಕ್ ಅನ್ನುತ್ತದೆ, ಆರ್ಮ್ ಹೋಗಿ ಸ್ಟಾಪಿಗೆ ಬಡಿಯುವ ಸದ್ದು ಅದು. ಆಕ್ಸಲಿನ ಸಿವಿ ಜಾಯಿಂಟ್ (ಚಕ್ರಕ್ಕೆ ತಿರುಗುವ ಶಕ್ತಿ ಒಯ್ಯುವ ಕೀಲು) ಸದಾ ಓರೆಯಾಗಿ ತಿರುಗುವುದರಿಂದ ಅದರ ರಬ್ಬರ್ ಬೂಟ್ ಹರಿಯುತ್ತದೆ, ಕೆರೆಯ ಮರಳು ಒಳಗೆ ಸೇರುತ್ತದೆ, ಆಮೇಲೆ ಜಾಯಿಂಟೇ ಹೋಗುತ್ತದೆ. ಅಲೈನ್‌ಮೆಂಟ್ ಕೆಟ್ಟು ಟೈರ್ ಒಂದು ಪಕ್ಕ ಸವೆಯುವುದು ಬೇರೆ.

ಆ ಬೋಲ್ಟ್ ಮುಟ್ಟಲೇಬಾರದು ಅಂತಲ್ಲ. ಹೊಸ ತೂಕದಿಂದ ಮೂತಿ ಒಂದೆರಡು ಸೆಂ.ಮೀ. ಕುಸಿದರೆ, ಹಳೆಯ ಅಳತೆಗೆ ವಾಪಸ್ ತರುವುದಕ್ಕೆ ಅದನ್ನು ಬಳಸಿ. ಅದು ಇರುವುದೇ ಅದಕ್ಕೆ. ಅದಕ್ಕಿಂತ ಜಾಸ್ತಿ ಕುಸಿದರೆ ದಪ್ಪ ಸರಳಿನ ಟಾರ್ಷನ್ ಬಾರ್ ಹಾಕಿಸಬೇಕು, ಬೋಲ್ಟಿನಿಂದ ಆಗುವ ಕೆಲಸ ಅಲ್ಲ. ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರ್ ಜೊತೆಗೇ ಬರಬೇಕು. ಹಳೇ ಶಾಕ್ ಹೊಸ ಸ್ಪ್ರಿಂಗಿನ ನೆಗೆತವನ್ನು ಹಿಡಿಯಲಾರದು.

ಹಾಗಾದರೆ ನಿಮಗೆ ನಾನು ಹೇಳುವುದು ಏನು? ವಿಂಚನ್ನು ಬಂಪರಿಗೆ ಕಾಯಂ ಆಗಿ ಕೂರಿಸಬೇಡಿ. ಚಾಸಿಗೆ ಬೋಲ್ಟ್ ಮಾಡಿದ ಎರಡು ಇಂಚಿನ ಚೌಕ ರಿಸೀವರ್ (ಫ್ರೇಮ್ ಸಿಕ್ಕಿಸುವ ಕೊಳವೆ) ಹಿಂದೊಂದು, ಮುಂದೊಂದು ಹಾಕಿಸಿ. ವಿಂಚನ್ನು ಹಿಡಿಕೆ ಇರುವ ತೊಟ್ಟಿಲಿನಂಥ ಫ್ರೇಮಿನಲ್ಲಿ ಕೂರಿಸಿ, ಬೇಕಾದ ಕಡೆಗೆ ಸಿಕ್ಕಿಸಿ ಪಿನ್ ಹಾಕುವುದು. ನಿಮ್ಮಂಥವರಿಗೆ ಇದೇ ಸರಿ ಅನ್ನುವುದಕ್ಕೆ ದೊಡ್ಡ ಕಾರಣ ಇದೆ. ಕೆರೆ ಅಂಗಳದಲ್ಲಿ ನೀವು ಮುಂದಕ್ಕೆ ಹೋಗುತ್ತಾ ಹೂತುಕೊಳ್ಳುತ್ತೀರಿ. ಗಟ್ಟಿ ನೆಲ, ಮರ, ಕೆರೆ ಏರಿ ಎಲ್ಲ ಹಿಂದೆ ಇರುತ್ತವೆ. ಮುಂದಿನ ಬಂಪರಿನ ವಿಂಚ್ ನಿಮ್ಮನ್ನು ಇನ್ನಷ್ಟು ಕೆಸರಿನೊಳಕ್ಕೇ ಎಳೆಯುತ್ತದೆ. ಬಂದ ದಾರಿಯಲ್ಲಿ ಹಿಂದಕ್ಕೆ ಎಳೆಸಿಕೊಳ್ಳುವುದು ಯಾವಾಗಲೂ ಸುಲಭ, ಚಕ್ರ ಮಾಡಿದ ಜಾಡು ಅಲ್ಲಿದ್ದೇ ಇರುತ್ತದೆ. ದಿನನಿತ್ಯ ಮುಂದಿನ ಆಕ್ಸಲ್ ಮೇಲೆ ಭಾರವೂ ಇರುವುದಿಲ್ಲ, ಆದ್ದರಿಂದ ಟಾರ್ಷನ್ ಬಾರ್ ಗೊಡವೆಯೇ ಬೇಡ. ಅನನುಕೂಲವೂ ಇದೆ. ಫ್ರೇಮ್ ಸೇರಿ 40 ಕೆ.ಜಿ. ಮೇಲಾಗುತ್ತದೆ, ಕೆಸರಿನಲ್ಲಿ ನಿಂತು ಒಬ್ಬರೇ ಎತ್ತಿ ಸಿಕ್ಕಿಸುವುದು ಕಷ್ಟ. ಕೆರೆಗೆ ಇಳಿಯುವ ಮುಂಚೆಯೇ ಹಿಂದೆ ಸಿಕ್ಕಿಸಿಕೊಂಡು ಹೋಗಿ. ಇನ್ನೊಂದು, ಈ ಫ್ರೇಮ್ ನೇರ ಎಳೆತಕ್ಕೆ ಮಾತ್ರ. ಪಕ್ಕಕ್ಕೆ ಓರೆಯಾಗಿ ಎಳೆದರೆ ರಿಸೀವರ್ ತಿರುಚಿಕೊಳ್ಳುತ್ತದೆ.

ಆಗ ಸಸ್ಪೆನ್ಷನ್‌ಗೆ ಮಾಡಿಸಬೇಕಾದ್ದು ಸ್ವಲ್ಪವೇ. ಇಷ್ಟು ವರ್ಷದ ಶಾಕ್‌ಗಳು ಸುಮ್ನೆ ನೇತಾಡುತ್ತಿರುತ್ತವೆ, ನಾಲ್ಕನ್ನೂ ಬದಲಾಯಿಸಿ, ಗ್ಯಾಸ್ ತುಂಬಿದ ಗಟ್ಟಿ ಶಾಕ್ ಹಾಕಿಸಿ. ಹಿಂದಿನ ಲೀಫ್‌ಗಳು ಚಪ್ಪಟೆಯಾಗಿದ್ದರೆ ಪೂರ್ತಿ ಹೊಸ ಸೆಟ್ ಹಾಕಿ, ಹಳೆಯದಕ್ಕೆ ಒಂದು ಎಲೆ ತುರುಕಬೇಡಿ. ಲೀಫ್ ತುದಿಯ ಶ್ಯಾಕಲ್ ಬುಶ್‌ಗಳನ್ನೂ ಆಗಲೇ ಬದಲಾಯಿಸಿಬಿಡಿ. ಆಕ್ಸಲ್ ಮತ್ತು ಲೀಫ್ ನಡುವೆ ಕಬ್ಬಿಣದ ದಿಮ್ಮಿ ಇಟ್ಟು ಎತ್ತರಿಸುತ್ತೇವೆ ಅಂದರೆ ಒಪ್ಪಬೇಡಿ, ಜೋರಾಗಿ ಎಳೆಯುವಾಗ ಆಕ್ಸಲ್ ತಿರುಚಿಕೊಂಡು ಲೀಫ್ ಬಾಗುತ್ತದೆ. ಕೋಲಾರ ಬೆಟ್ಟದ ಕಡೆ ಕಲ್ಲುದಾರಿಗೂ ಹೋಗುವ ಆಸೆ ಇದ್ದರೆ ಒಂದೂವರೆಯಿಂದ ಎರಡು ಇಂಚು ಸಾಕು, ಅದೂ ಪೂರ್ತಿ ಸೆಟ್ಟಾಗಿ. ಮೀಸಲು ಅರಣ್ಯದೊಳಗೆ ಮಾತ್ರ ಅನುಮತಿ ಇಲ್ಲದೆ ಗಾಡಿ ನುಗ್ಗಿಸಬೇಡಿ.

ವೈರಿಂಗ್ ವಿಷಯದಲ್ಲಿ ಜಿಪುಣತನ ಬೇಡ. ಪೂರ್ತಿ ಹೊರೆ ಬಿದ್ದಾಗ ಇಂಥ ವಿಂಚ್ 400 ಆಂಪಿಯರ್ ತನಕ ಎಳೆಯುತ್ತದೆ. ನಿಮ್ಮ ಆಲ್ಟರ್ನೇಟರ್ ಅದರ ಕಾಲು ಭಾಗ ಕೊಟ್ಟರೆ ಹೆಚ್ಚು, ಉಳಿದದ್ದು ಬ್ಯಾಟರಿಯಿಂದಲೇ ಬರಬೇಕು. ಆದ್ದರಿಂದ ಬ್ಯಾಟರಿ ಹೊಸದಿರಲಿ, ಎಂಜಿನ್ ಓಡುತ್ತಿರಲಿ, ಒಂದು ನಿಮಿಷ ಎಳೆದರೆ ಕೆಲವು ನಿಮಿಷ ಬಿಡಿ. ಅರ್ಥ್ ವೈರನ್ನು ಚಾಸಿಗೆ ಸಿಕ್ಕಿಸದೆ ನೇರ ಬ್ಯಾಟರಿಯ ನೆಗೆಟಿವ್‌ಗೆ ತನ್ನಿ. ಹಿಂದಿನವರೆಗೂ ಕೇಬಲ್ ಎಳೆಯುವುದರಿಂದ ದಪ್ಪ ತಾಮ್ರದ ವೆಲ್ಡಿಂಗ್ ಕೇಬಲ್ಲೇ ಬೇಕು, 50 ಚದರ ಮಿ.ಮೀ.ಗಿಂತ ಕಡಿಮೆ ಬೇಡ. ಪಾಸಿಟಿವ್ ವೈರಿಗೆ ಬ್ಯಾಟರಿಯ ಪಕ್ಕದಲ್ಲೇ ಒಂದು ಐಸೊಲೇಟರ್ ಸ್ವಿಚ್ ಇರಲೇಬೇಕು. ವಿಂಚಿನ ಕಾಂಟ್ಯಾಕ್ಟರ್ (ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್) ಅಂಟಿಕೊಂಡರೆ ರಿಮೋಟ್ ಬಿಟ್ಟರೂ ವಿಂಚ್ ನಿಲ್ಲುವುದಿಲ್ಲ, ಆಗ ಕೈಗೆ ಸಿಗುವುದು ಅದೊಂದೇ.

ರೋಪ್ ಸಿಂಥೆಟಿಕ್ ಇರಲಿ. ಹಗುರ, ತುಂಡಾದರೂ ಸ್ಟೀಲಿನಷ್ಟು ಭೀಕರವಾಗಿ ಹಾರುವುದಿಲ್ಲ. ಆದರೆ ಅದಕ್ಕೆ ನಮ್ಮೂರ ಮರಳು, ಬಿಸಿಲು ಎರಡೂ ಶತ್ರು. ಬಳಸಿದ ಮೇಲೆ ಪೂರ್ತಿ ಬಿಚ್ಚಿ ಬಕೆಟ್ ನೀರಿನಲ್ಲಿ ಜಾಲಿಸಿ, ನೆರಳಿನಲ್ಲಿ ಒಣಗಿಸಿ ಸುತ್ತಿ. ಮೊದಲ ಸಲ ಸುತ್ತುವಾಗ ಇಳಿಜಾರಿನಲ್ಲಿ ಬ್ರೇಕ್ ಲಘುವಾಗಿ ಹಿಡಿದು, ಗಾಡಿಯನ್ನೇ ಎಳೆಸಿಕೊಂಡು ಬಿಗಿಯಾಗಿ ಸುತ್ತಿ, ಇಲ್ಲದಿದ್ದರೆ ಮೇಲಿನ ಪದರ ಕೆಳಗಿನದರೊಳಗೆ ಹೂತುಕೊಳ್ಳುತ್ತದೆ. ಎಳೆಯುವಾಗ ಡ್ರಮ್ಮಿನ ಮೇಲೆ ಹತ್ತು ಸುತ್ತಾದರೂ ಉಳಿದಿರಬೇಕು.

ಎಲ್ಲಿಗೆ ಕಟ್ಟುವುದು ಅನ್ನುವುದೂ ಮುಖ್ಯ. ಕೆರೆ ಏರಿಯ ಹಳೇ ಹುಣಸೆ, ದಪ್ಪ ಹೊಂಗೆ ಒಳ್ಳೆಯದು. ಪಟ್ಟಿಯನ್ನು ಬುಡದಲ್ಲೇ ಹಾಕಿ, ಮೇಲೆ ಹಾಕಿದಷ್ಟೂ ಮರ ಬಾಗುತ್ತದೆ. ಕಡಿದು ಮತ್ತೆ ಚಿಗುರಿದ ನೀಲಗಿರಿಯ ಸಣ್ಣ ಕಾಂಡಗಳನ್ನು ನಂಬಬೇಡಿ. ಬಂಡೆಗೆ ಕಟ್ಟುವುದಾದರೆ ಅದು ನೆಲದೊಳಗೆ ಬೇರೂರಿದೆಯೋ, ಹಾಸುಬಂಡೆಯ ಮೇಲೆ ಸುಮ್ನೆ ಕೂತಿದೆಯೋ ನೋಡಿ, ಚೂಪು ಅಂಚಿಗೆ ರೋಪ್ ತಗಲದಂತೆ ಗೋಣಿಚೀಲ ಕೊಡಿ. ರೋಪನ್ನು ಮರಕ್ಕೋ ಬಂಡೆಗೋ ಸುತ್ತಿ ಅದೇ ರೋಪಿಗೆ ಕೊಕ್ಕೆ ಹಾಕಬಾರದು. ಎಳೆಯುವ ಮುಂಚೆ ರೋಪಿನ ನಡುವೆ ಒದ್ದೆ ಗೋಣಿಯನ್ನೋ ಕಂಬಳಿಯನ್ನೋ ಹೊದಿಸಿ. ನೋಡಲು ಬಂದ ಹುಡುಗರನ್ನೆಲ್ಲ ದೂರ ಕಳಿಸಿ, ರೋಪ್ ದಾಟಲು ಯಾರನ್ನೂ ಬಿಡಬೇಡಿ. ಎಳೆಯುವ ದಿಕ್ಕಿನಲ್ಲಿ ಚಕ್ರಕ್ಕೆ ಅಡ್ಡವಿರುವ ಗೋಡನ್ನು ನಾಲ್ಕು ಸಲಿಕೆ ತೆಗೆದರೆ ವಿಂಚಿಗೆ ಅರ್ಧ ಕೆಲಸ ತಪ್ಪುತ್ತದೆ.

ಆರ್‌ಟಿಒ ವಿಷಯ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಆರ್‌ಸಿಯಲ್ಲಿರುವುದು ಬೇರೆಯಾಗುವಂತೆ ವಾಹನ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. ಮುಂದಿನ ಬುಲ್ ಬಾರ್, ಕ್ರ್ಯಾಶ್ ಗಾರ್ಡ್‌ಗಳ ಮೇಲೆ ಕ್ರಮ ಕೈಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ಅನುಮತಿ ಇಲ್ಲದ ಬದಲಾವಣೆ ಒಂದೊಂದಕ್ಕೂ ಮಾಲೀಕರಿಗೆ ₹5,000 ದಂಡ, ಆರು ತಿಂಗಳವರೆಗೆ ಜೈಲಿಗೂ ಸೆಕ್ಷನ್ 182ಎ ಅವಕಾಶ ಕೊಡುತ್ತದೆ. ಕಾಯಂ ಸ್ಟೀಲ್ ಬಂಪರ್ ಬೇಡ ಅನ್ನುವುದಕ್ಕೆ ಇದೂ ಒಂದು ಕಾರಣ. ದಾರಿಯಲ್ಲಿ ಹೋಗುವವರಿಗೆ ತಗುಲಿದರೆ ಅದು ಬಗ್ಗುವುದಿಲ್ಲ, ಅವರ ಮೂಳೆ ಮುರಿಯುತ್ತದೆ. ಫ್ರೇಮ್ ವಿಂಚನ್ನು ರಸ್ತೆಗೆ ಬರುವಾಗ ಬಿಚ್ಚಿ ಗಾಡಿಯೊಳಗೆ ಕಟ್ಟಿಡಿ. ರಿಸೀವರ್, ಲಿಫ್ಟ್ ಮಾಡಿಸುವ ಮುಂಚೆ ಆರ್‌ಟಿಒದಲ್ಲೂ ವಿಮಾ ಕಂಪನಿಯಲ್ಲೂ ಲಿಖಿತವಾಗಿ ಕೇಳಿಕೊಳ್ಳಿ.

ಈಗ ಕೊಳವೆಬಾವಿಯ ಮೋಟಾರ್. ದಯವಿಟ್ಟು ಬೇಡ. ಗಾಡಿ ಎಳೆಯುವ ವಿಂಚಿನ ಬ್ರೇಕ್ ನೇತಾಡುವ ಭಾರವನ್ನು ಹಿಡಿದಿಡಲು ಮಾಡಿದ್ದಲ್ಲ. ಭಾರವನ್ನು ಕೆಳಗಿಳಿಸುವಾಗ ಬ್ರೇಕ್ ಡ್ರಮ್ಮಿನೊಳಗೇ ಕಾಯುತ್ತದೆ. ಸಿಂಥೆಟಿಕ್ ರೋಪಿನ ನಾರು ಸುಮಾರು 150 ಡಿಗ್ರಿಗೆ ಕರಗುತ್ತದೆ, ಅದಕ್ಕೂ ಎಷ್ಟೋ ಮೊದಲೇ ಬಲ ಕಳೆದುಕೊಳ್ಳುತ್ತದೆ. ನೂರಾರು ಅಡಿ ಪೈಪು, ಅದರೊಳಗಿನ ನೀರು, ಮೋಟಾರ್ ಎಲ್ಲ ನೇತಾಡುತ್ತಿರುವಾಗ, ಕೆಳಗೆ ಇಬ್ಬರು ಪೈಪ್ ಹಿಡಿದು ನಿಂತಿರುವಾಗ ರೋಪ್ ಬಿಟ್ಟರೆ ಏನಾಗುತ್ತದೆ ಯೋಚಿಸಿ. ಅದಕ್ಕೆ ಮೋಟಾರ್ ಎತ್ತುವ ಗಾಡಿಯವರನ್ನೇ ಕರೆಸಿ.

ಕೆಲಸ ಮುಗಿದ ಮೇಲೆ ಗಾಡಿ ತರುವ ದಿನವೇ ಅಲೈನ್‌ಮೆಂಟ್ ಮಾಡಿಸಿ. ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಬ್ರೇಕ್ ಹೋಸ್ ಎಲ್ಲಾದರೂ ಎಳೆದುಕೊಳ್ಳುತ್ತಿದೆಯಾ ಬಗ್ಗಿ ನೋಡಿ. ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯದಂತೆ ಸರಿಮಾಡಿಸಿ. ಲೀಫ್ ಸೆಟ್ಟಿನ ಯು-ಬೋಲ್ಟ್‌ಗಳು ಕೂತುಕೊಂಡಂತೆ ಸಡಿಲಾಗುತ್ತವೆ, 500 ಕಿ.ಮೀ. ಓಡಿದ ಮೇಲೆ ಟಾರ್ಕ್ ಸ್ಪ್ಯಾನರ್ ಹಾಕಿ ಮತ್ತೆ ಬಿಗಿ ಮಾಡಿಸಿ. ರಿಸೀವರಿನ ಬೋಲ್ಟ್‌ಗಳನ್ನೂ ಅವತ್ತೇ ನೋಡಲು ಹೇಳಿ.